ಕಾಲುವೆಗೆ ಬಿಚ್ಚಿದ ರುಮಾಲು

“ಅತ್ತೆ, ಅವರನ್ನು ಕಾಯಲು ಹೋಗಿ ನಾನೇ ಕೊಂದೆನೇ?” ಎಂದು ನನ್ನ ಸೊಸೆ ನೀಲವ್ವ ಕೇಳಿದಳು.

ನನ್ನ ಮಗ ಅಡಿವೆಪ್ಪ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಅವನ ಕಾಲಿನ ಗಾಯ ಕೀವುಗಟ್ಟಿತ್ತು. ನೋವಾದೀತೆಂದು ಇವಳು ಇಪ್ಪತ್ತು ದಿನ ಅವನನ್ನು ಹಾಸಿಗೆಯಿಂದ ಇಳಿಯಗೊಡಲಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿತು. ಆ ಹೆಪ್ಪು ಎದೆಗೆ ಹೋಗಿ ಕೂತಿತು. ಆಮೇಲೆ ಡಾಕ್ಟರು ಇವಳಿಗೆ ತಿಳಿಸಿ ಹೇಳಿದರಂತೆ: ರಕ್ತದಲ್ಲಿ ಬಿಳಿ ಕಣಗಳೆಂಬ ಕಾವಲುಗಾರರಿದ್ದಾರೆ, ರೋಗದ ಹುಳುಗಳನ್ನು ಹಿಡಿಯಲು ತಮ್ಮ ಒಡಲನ್ನೇ ಬಿಚ್ಚಿ ಬಲೆ ಹಾಕುತ್ತಾರೆ, ಆ ಬಲೆಗೇ ರಕ್ತ ಅಂಟಿ ಹೆಪ್ಪಾಗುತ್ತದೆ, ಮಲಗಿಯೇ ಇದ್ದರೆ ಅದು ಇನ್ನೂ ಬೆಳೆಯುತ್ತದೆ.

“ಬಾ, ಗೋಡೆಗೆ ಒರಗಿ ಕೂತುಕೋ,” ಎಂದು ಅವಳು ಮುಟ್ಟದೆ ಬಿಟ್ಟ ಅನ್ನದ ತಟ್ಟೆಯನ್ನು ಹತ್ತಿರಕ್ಕೆ ಎಳೆದೆ. “ನಾನು ಅಕ್ಷರ ಕಲಿತವಳಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ, ಕೇಳು.”

ಒಂದೂರಲ್ಲಿ ಒಂದು ಕಾಲುವೆ. ಅದನ್ನು ಕಾಯಲು ಬಿಳಿ ರುಮಾಲಿನ ಕಾವಲುಗಾರರು. ದಂಡೆ ಒಡೆದರೆ ಮೆತ್ತಲು ಮಣ್ಣು ಹೊರುವ ಹೆಂಗಸರು. ಅಲ್ಲೊಂದು ಕಟ್ಟಳೆ ಇತ್ತು. ಒಡಕು ಕಂಡವರು ಅಲ್ಲಿ ಬಟ್ಟೆ ತುರುಕಬೇಕು. ಬಟ್ಟೆ ಕಂಡಲ್ಲಿ ಹೆಂಗಸರು ಮರುಮಾತಿಲ್ಲದೆ ಮಣ್ಣು ಹಾಕಬೇಕು. ಹೀಗೆ ಆ ಊರು ಎಷ್ಟೋ ಸಲ ಉಳಿದಿತ್ತು.

ಒಂದು ದಿನ ಕಳ್ಳರು ಕಾಲುವೆಗಿಳಿದು ಊರಿನತ್ತ ಈಜಿದರು. ಕಾಲುವೆಯ ಕೊನೆಯ ಮನೆಯಲ್ಲಿ ಹಿರಿಯ ಕಾವಲುಗಾರನ ಮಗಳು, ಬಾಣಂತಿ, ಒಬ್ಬಳೇ ಇದ್ದಳು.

“ಈಗ ಬಲೆ ಎಲ್ಲಿಂದ ತರೋಣ?” ಎಂದ ಒಬ್ಬ.

“ತಲೆ ಮೇಲೆ ಹನ್ನೆರಡು ಮೊಳ ಸುತ್ತಿಕೊಂಡು ಬಲೆ ಕೇಳ್ತೀಯಲ್ಲೋ ಮಂಕೇ. ಬಿಚ್ಚು,” ಎಂದ ಹಿರಿಯ.

ಎಲ್ಲರೂ ರುಮಾಲು ಬಿಚ್ಚಿ, ಹೆಣೆದು, ದಂಡೆಯಿಂದ ದಂಡೆಗೆ ಬಿಗಿದರು. ಕಳ್ಳರು ಸಿಕ್ಕಿಬಿದ್ದರು. ಅವರನ್ನು ಚಾವಡಿಗೆ ಎಳೆದೊಯ್ಯುವಾಗ ಹಿರಿಯ ಹೇಳಿದ, ಬಲೆ ಅಲ್ಲೇ ಇರಲಿ, ಇನ್ನೊಬ್ಬ ಬಂದಾನು.

ಆಮೇಲೆ ಮಣ್ಣಿನ ಹೆಂಗಸರು ಬಂದರು. ದಂಡೆಯಲ್ಲಿ ಬಟ್ಟೆ ಕಂಡರು.

“ಒಡಕೇ ಕಾಣೋದಿಲ್ಲವಲ್ಲಕ್ಕಾ,” ಎಂದಳು ಕಿರಿಯವಳು.

“ಬಟ್ಟೆ ಕಂಡ ಮೇಲೆ ಮಾತೇನೇ? ಬುಟ್ಟಿ ಕೊಡು,” ಎಂದಳು ಹಿರಿಯವಳು.

ಹಾಕಿದ ಮಣ್ಣು ಜಾರಿ ಬಲೆಗೆ ಮೆತ್ತಿತು. ಕಸಕಡ್ಡಿ ಬಂದು ಅದಕ್ಕೆ ಅಂಟಿತು. ನೀರು ನಿಧಾನವಾಯಿತು, ಮುದ್ದೆ ದೊಡ್ಡದಾಯಿತು. ಸಂಜೆ ಹೊತ್ತಿಗೆ ಆ ಮುದ್ದೆ ಕಿತ್ತು ಬಂದು, ತೇಲಿ ಹೋಗಿ, ಕೊನೆಯ ಮನೆಯ ಪಕ್ಕದ ಕಿರಿದಾದ ತೂಬಿನ ಬಾಯಿಗೆ ಕಚ್ಚಿಕೊಂಡಿತು. ಹಿಂದಿನಿಂದ ಬಂದ ನೀರೆಲ್ಲ ಉಕ್ಕಿ ಮನೆಗೆ ನುಗ್ಗಿತು. ಮಗಳು ಕೂಸನ್ನು ಅಟ್ಟಕ್ಕೆ ಎತ್ತಿಟ್ಟಳು. ತನಗೆ ಹತ್ತಲಾಗಲಿಲ್ಲ.

ಕಳ್ಳರು ಆರು ತಿಂಗಳು ಸೆರೆಯಲ್ಲಿದ್ದು ತಮ್ಮೂರಿಗೆ ಹೋದರು. ಬುಟ್ಟಿ ಕೇಳಿದವಳು ಮತ್ತೆ ಮಣ್ಣು ಮುಟ್ಟಲಿಲ್ಲ. ಕಿರಿಯವಳು ಮಾತ್ರ ಆ ಕೆಲಸ ಬಿಡಲಿಲ್ಲ. ಮಣ್ಣು ಹಾಕುವ ಮೊದಲು ನೀರಿಗಿಳಿದು ಕೈಯಾಡಿಸಿ ನೋಡುತ್ತಿದ್ದಳು. ಕೂಸು ಅಜ್ಜನ ಮನೆಯಲ್ಲಿ ಬೆಳೆಯಿತು. ಹಿರಿಯ ಸಾಯುವವರೆಗೂ ಕಾವಲು ಕಾಯ್ದ, ಬರಿತಲೆಯಲ್ಲಿ.

“ಆ ಮಗಳನ್ನು ಹೆತ್ತವಳು?” ಎಂದು ನೀಲವ್ವ ನೆಲ ನೋಡುತ್ತ ಕೇಳಿದಳು.

“ಬರಿತಲೆಯಲ್ಲಿ ಬಂದ ಗಂಡನಿಗೆ ಅನ್ನ ಬಡಿಸಿ, ಅವನು ಉಣ್ಣುವ ತನಕ ಎದುರಿಗೆ ಕೂತಳು. ನಾನೂ ಕೂತಿದ್ದೇನೆ ಮಗಳೇ, ಉಣ್ಣು.”