ಬೋರಲಿಂಗ ಗಾಡಿ ಆರಿಸಿದ್ದು

ಬೋರಲಿಂಗನಿಗೆ ಒಂದು ಅಭ್ಯಾಸ. ಅವ್ವ ಸಣ್ಣೀರಕ್ಕ ಏನಾದರೂ ಹೇಳಿದಳೋ, ತಟ್ಟನೆ ಎರಡು ಕಿವಿಗೂ ಬೆರಳು ತುರುಕಿಕೊಂಡುಬಿಡುತ್ತಿದ್ದ. ಹೇಳಿದ ಮಾತು ಸೋರಿಹೋಗಬಾರದಲ್ಲ! ಊರಲ್ಲಿ ಯಾವ ಗಾಡಿ ಕೊಟ್ಟರೂ ಓಡಿಸುತ್ತಿದ್ದ. ತಲೆಯೊಂದೇ ಸ್ಟಾರ್ಟ್ ಆಗುತ್ತಿರಲಿಲ್ಲ.

ಸಣ್ಣೀರಕ್ಕನ ಮಗಳಿಗೆ ಚೊಚ್ಚಲ ಹೆರಿಗೆ. "ನೀನು ಬಾರದೆ ನಾನು ಹೆರಲ್ಲ ಕಣವ್ವಾ" ಅಂತ ಹಟ ಹಿಡಿದಿದ್ದಳು. ಅಳಿಯನ ಮನೆಯೋ ಕಾಲು ಚಾಚಿದರೆ ಗೋಡೆ! ಅದಕ್ಕೇ ಸಣ್ಣೀರಕ್ಕ ಅಲ್ಲಿ ತಂಗೋಕೆ ಅಂತ, ರಸ್ತೆಗೆ ಟಾರು ಹಾಕುವವರು ಮಲಗೋ, ಚಕ್ರದ ಮೇಲಿನ ಹಳೇ ಗಾಲಿಮನೆ ಬಾಡಿಗೆಗೆ ಹಿಡಿದು, ಒಲೆ, ಮಂಚ, ತುಪ್ಪ, ಬಾಣಂತಿ ಮದ್ದು ಎಲ್ಲ ತುಂಬಿದಳು. ಎಳೆಯೋಕೆ ಗಾಡಿ ಬೇಕು.

"ಮಗಾ, ಶಕ್ತಿ ಇರೋ ಗಾಡಿ ತಾರೋ!"

ತಂದ. ರೋಡ್ ರೋಲರ್! ಕೆರೆ ಏರಿಯಿಂದ ಮನೆಬಾಗಿಲಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತು.

"ಅಯ್ಯೋ ಮಂಕೇ! ಇದರಲ್ಲಿ ಹೋದರೆ ನಾವು ಮುಟ್ಟೋ ಹೊತ್ತಿಗೆ ಕೂಸು ಇಸ್ಕೂಲಿಗೆ ಹೋಗ್ತಿರುತ್ತೆ! ಬೇಗ ಓಡೋದು ನೋಡೋ!"

"ಹೂಂ ಕಣವ್ವಾ!"

ತಂದ. ಮೋಟರ್ ಬೈಕು! ಗಾಲಿಮನೆಗೆ ಹಗ್ಗ ಬಿಗಿದು ಗುರ್ರ್ ಅನ್ನಿಸಿದ. ಬೈಕು ಕುದುರೆ ಹಾಗೆ ಎದ್ದು ನಿಂತಿತು. ಬೋರಲಿಂಗ ತಿಪ್ಪೆಯಲ್ಲಿ ಕೂತಿದ್ದ.

"ಲೇ, ಬರೀ ಓಟ ನೋಡ್ತಾರೇನೋ? ಕಣಿವೆ ಇಳಿಯುವಾಗ ಹಿಂದಿನ ಭಾರ ತಳ್ಳುತ್ತೆ. ಎಷ್ಟು ತಳ್ಳಿದರೂ ಜಗ್ಗದೆ ನಿಲ್ಲೋದು ನೋಡು!"

"ಹೂಂ ಕಣವ್ವಾ!"

ಮರುದಿನ ಮಧ್ಯಾಹ್ನ ಏದುಸಿರು ಬಿಡುತ್ತ ಓಡಿಬಂದ. "ಸಿಕ್ಕಿತವ್ವಾ, ಬಾ! ಊರ ಗಂಡಸರೆಲ್ಲ ತಳ್ಳಿದರೂ ಕೂದಲೆಳೆಯಷ್ಟು ಜಗ್ಗಲಿಲ್ಲ!"

ಹೋಗಿ ನೋಡಿದರೆ ಗ್ಯಾರೇಜಿನ ಹಿಂದೆ ಚಕ್ರವೇ ಇಲ್ಲದ ಲಾರಿ! ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಇಂಜಿನ್ ಎಲ್ಲೋ?"

"ನೀನು ಇಂಜಿನ್ ಕೇಳಲೇ ಇಲ್ವಲ್ಲವ್ವಾ!"

ಅಷ್ಟರಲ್ಲಿ ಅಳಿಯನ ಫೋನು. "ಅತ್ತೇ, ನೋವು ಶುರುವಾಗಿದೆ, ಬೇಗ ಬನ್ನಿ!"

ಸಣ್ಣೀರಕ್ಕ ಸೆರಗು ಬಿಗಿದಳು. ತಾನೇ ಹೋಗಿ ಮೂಡ್ಲಪ್ಪನ ಕಲ್ಲು ಸಾಗಿಸೋ ಲಾರಿ ಕೇಳಿ ತಂದಳು. ಶಕ್ತಿಯೂ ಇತ್ತು, ಓಟವೂ ಇತ್ತು, ಬ್ರೇಕೂ ಗಟ್ಟಿ. ಬೋರಲಿಂಗ ಕೊಂಡಿ ಹಾಕಿದ, ಹೊರಟ. ಗಕ್! ಗಾಲಿಮನೆ ಕುಲುಕಿ, ಒಳಗೆ ಕೂತಿದ್ದ ಅವ್ವನ ಮಡಿಲ ಗಡಿಗೆಯಿಂದ ತುಪ್ಪ ಚೆಲ್ಲಿತು.

"ನಿಲ್ಲಿಸೋ ಮುಠ್ಠಾಳ! ಬಾಣಂತಿ ತುಪ್ಪ ಕಣೋ! ಮನೆ ಒಂಚೂರೂ ಅಲ್ಲಾಡಬಾರದು, ತೊಟ್ಟು ತುಪ್ಪ ಚೆಲ್ಲಬಾರದು. ಹಾಗೆ ಓಡಿಸು!"

"ಹೂಂ ಕಣವ್ವಾ!"

ಅವ್ವ ಧೂಳು ಬಾರದಂತೆ ಕಿಟಕಿ, ಬಾಗಿಲು ಭದ್ರಮಾಡಿ ಗಡಿಗೆ ತಬ್ಬಿಕೊಂಡು ಕೂತಳು. ಬೋರಲಿಂಗ ಇಳಿದ, ಯೋಚಿಸಿದ, ಕೊಂಡಿ ಕಳಚಿದ. ಲಾರಿ ಹತ್ತಿ ಭರ್ರನೆ ಹೊರಟ.

ಒಳಗೆ ಸಣ್ಣೀರಕ್ಕನಿಗೆ ಆಶ್ಚರ್ಯವೋ ಆಶ್ಚರ್ಯ. ಕುಲುಕಿಲ್ಲ, ಜೋಲಿಯಿಲ್ಲ, ತುಪ್ಪ ಕನ್ನಡಿಯಂತೆ ನಿಂತಿದೆ. ಬರಬರುತ್ತ ಲಾರಿಯ ಸದ್ದೂ ಇಲ್ಲ!

"ಅಬ್ಬಾ, ನನ್ನ ಬಂಗಾರ! ಕೊನೆಗೂ ಬುದ್ಧಿ ಬಂತಲ್ಲೋ ನಿನಗೆ!"

ಗಡಿಗೆ ಸವರುತ್ತ, ನಗುತ್ತ, ಗೋಡೆ ತಟ್ಟಿ ಕೂಗಿದಳು.

"ಮಗಾ, ಕಣಿವೆ ದಾಟಿದ್ವಾ? ಯಾವೂರು ಬಂತು, ಒಂದು ಮಾತು ಹೇಳೋ!"