ಭೋಗರಾಯನ ಗಂಧದ ಕೈ

"ಹಾಸಿಗೆಯಿಂದ ಏಳದೆ ದಿನಕ್ಕೆ ಮುನ್ನೂರು ಬೆನ್ನು ತಟ್ಟುವ ರಾಜ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು," ಎಂದು ಹೊಂಗಲದ ದೊರೆ ಭೋಗರಾಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸುಳ್ಳೇನಲ್ಲ. ದುಡಿಯುವವರನ್ನು ಮೆಚ್ಚಿಕೊಳ್ಳಬೇಕು ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಮೆಚ್ಚುವುದೆಂದರೆ ಬೆನ್ನು ತಟ್ಟಬೇಕು, ಅದಕ್ಕೆ ಕುದುರೆ ಲಾಯಕ್ಕೂ ಅಡುಗೆಮನೆಗೂ ನಡೆಯಬೇಕು. ಅಷ್ಟು ಯಾರು ನಡೆಯುತ್ತಾರೆ? ರಾಜ ಗಂಧದ ಮರದಲ್ಲಿ ಒಂದು ಕೈ ಮಾಡಿಸಿದ. ಬೆರಳಿಗೆ ಉಂಗುರ, ಹಿಡಿಯಲು ಉದ್ದನೆಯ ಕೋಲು. ಬಸವಯ್ಯ ಎಂಬ ಅಧಿಕಾರಿ ದಿನಾ ಬೆಳಿಗ್ಗೆ ಅದನ್ನು ಹೊತ್ತು ಹೊರಡುತ್ತಿದ್ದ. ಬೆನ್ನಿಗೆ ಮೂರು ತಟ್ಟು, "ಭೇಷ್, ಸೊಗಸಾದ ಕೆಲಸ" ಎಂಬ ಒಂದು ಮಾತು, ಮುಂದಿನ ಬೆನ್ನು.

ಸಭೆಯಲ್ಲಿ ಹೊನ್ನಯ್ಯ ಎದ್ದು ನಿಂತ. ರಾಜನಿಗೆ ಎದುರು ಮಾತಾಡಿಯೂ ತಲೆ ಉಳಿಸಿಕೊಂಡಿದ್ದ ಮಂತ್ರಿ ಅವನೊಬ್ಬನೇ.

"ಪ್ರಭು, ಆ ಮುನ್ನೂರರಲ್ಲಿ ಒಂದು ಬೆನ್ನು ನಾಳೆ ಗಂಟು ಹೊತ್ತು ಊರಿಗೆ ಹೊರಟಿದೆ. ಅಡುಗೆಯ ಸಾಕಮ್ಮ."

ರಾಜನ ಮೀಸೆ ಇಳಿಯಿತು. "ದಿನಾ ಮೂರು ಸಲ ತಟ್ಟಿಸಿದ್ದೇನಲ್ಲ, ಇನ್ನೇನು ಬೇಕಂತೆ ಅವಳಿಗೆ?"

"ತಾವೇ ಒಮ್ಮೆ ಹೋಗಿ..."

"ನಾನು ಒಲೆಯ ಹತ್ತಿರ ಹೋಗುವುದೇ? ನನ್ನ ಕೈ ಹೋದರೆ ನಾನೇ ಹೋದಂತೆ. ಕೇಳು ಹೊನ್ನಯ್ಯ, ನಾನು ಇಲ್ಲಿಂದ ಕದಲುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಆದರೂ ಸಾಕಮ್ಮ ಉಳಿಯಬೇಕು. ಇಲ್ಲವಾದರೆ ನಾಳೆಯಿಂದ ಸೌಟು ನಿನ್ನ ಕೈಗೆ."

ಹೊನ್ನಯ್ಯನಿಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ. ಅದಿರಲಿ, ಅವನಿಗೆ ನಿಜಕ್ಕೂ ಸಂಕಟವಾಯಿತು. ಹೆಂಡತಿ ತೀರಿಕೊಂಡ ಮೇಲೆ ಅವನನ್ನು "ಉಂಡ್ರಾ?" ಎಂದು ಕೇಳುತ್ತಿದ್ದವಳು ಸಾಕಮ್ಮ ಒಬ್ಬಳೇ.

ಅಡುಗೆಮನೆಯಲ್ಲಿ ಸಾಕಮ್ಮ ಸೀರೆ ಮಡಿಸಿ ಗಂಟು ಕಟ್ಟುತ್ತಿದ್ದಳು.

"ಏನಮ್ಮ ಸಾಕಮ್ಮ, ಇಷ್ಟು ಕೋಪ?"

"ಕೋಪ ಎಲ್ಲಿ ಬಂತು ಸ್ವಾಮಿ, ಬೇಜಾರು. ಮೊನ್ನೆ ಜ್ವರ ಬಂದು ಮೂಲೇಲಿ ಕಂಬಳಿ ಹೊದ್ದು ಬಿದ್ದಿದ್ದೆ. ಒಲೇನೇ ಹಚ್ಚಿರಲಿಲ್ಲ. ಬಸವಯ್ಯನೋರು ಬಂದು ಕಂಬಳಿ ಮೇಲೇ ಮೂರು ತಟ್ಟಿ, ಭೇಷ್, ಸೊಗಸಾದ ಕೆಲಸ ಅಂದ್ರು. ಇಪ್ಪತ್ತು ವರ್ಷ ಬೇಯಿಸಿ ಹಾಕಿದ್ದೀನಿ. ನಾನು ಮಾಡಿದರೂ ಅಷ್ಟೇ, ಮಲಗಿದರೂ ಅಷ್ಟೇ ಅಂದಮೇಲೆ ಯಾಕಿರಲಿ ಹೇಳಿ."

ಹೊನ್ನಯ್ಯ ತಲೆ ಕೆರೆದುಕೊಂಡ. ಆಮೇಲೆ ಅವನ ಮುಖದಲ್ಲಿ ನಗು ಮೂಡಿತು. "ನಾಳೆ ಮಧ್ಯಾಹ್ನದವರೆಗೆ ಆ ಗಂಟು ಇಲ್ಲೇ ಇರಲಿ ತಾಯಿ," ಎಂದವನೇ ರಾಜನ ಬಳಿಗೆ ಓಡಿದ.

"ಪ್ರಭು, ಕೈ ಹೋದರೆ ತಾವೇ ಹೋದಂತೆ ಎಂದಿರಲ್ಲ, ಅಂಥ ಮಾತು ಬರಿ ಬಾಯಲ್ಲಿ ಉಳಿಯಬಾರದು. 'ಒಬ್ಬರ ವಸ್ತು ಬಂದರೆ ಅವರೇ ಬಂದಂತೆ' ಎಂದು ಬರೆಸಿ ಮುದ್ರೆ ಒತ್ತಿಕೊಡಿ."

ರಾಜ ಹಿಗ್ಗಿ ಹೀರೇಕಾಯಿಯಾಗಿ ಮುದ್ರೆ ಒತ್ತಿದ.

ಮಾರನೆಯ ದಿನ ಮಧ್ಯಾಹ್ನ ರಾಜನ ವೀಣೆ. ವಾರಕ್ಕೊಮ್ಮೆ ಸಭೆಯವರೆಲ್ಲ ಕೂತು ಕೇಳಲೇಬೇಕು, ತಲೆದೂಗಲೇಬೇಕು. ಭೋಗರಾಯ ವೀಣೆ ಹಿಡಿದು ಒಳಗೆ ಬಂದು ನೋಡುತ್ತಾನೆ, ಒಂದು ನರಪಿಳ್ಳೆಯೂ ಇಲ್ಲ. ಸಾಲು ಸಾಲು ದಿಂಬುಗಳ ಮೇಲೆ ಬರೀ ಪೇಟಗಳು ಕೂತಿವೆ. ಮೂಲೆಯಲ್ಲಿ ಹೊನ್ನಯ್ಯ ಒಂದು ದಾರ ಹಿಡಿದು ನಿಂತಿದ್ದಾನೆ.

"ಏನಿದು? ಎಲ್ಲಿ ಹೋದರು ಎಲ್ಲರೂ?"

"ಎಲ್ಲರೂ ಬಂದಿದ್ದಾರಲ್ಲ ಪ್ರಭು. ತಮ್ಮದೇ ಆಜ್ಞೆ, ತಮ್ಮದೇ ಮುದ್ರೆ. ತಲೆಗಳು ಮಾತ್ರ ತೋಟದಲ್ಲಿ ಚೌಕಾಬಾರ ಆಡುತ್ತಿವೆ."

ರಾಜ ಹಲ್ಲು ಕಚ್ಚಿದ. ಮುದ್ರೆ ಒತ್ತಿದ್ದಾಗಿತ್ತು, ಏನು ಮಾಡುತ್ತಾನೆ? ಕೂತು ವೀಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೊನ್ನಯ್ಯ ದಾರ ಎಳೆದ. ಅಷ್ಟೂ ಪೇಟಗಳು ಒಟ್ಟಿಗೆ ತಲೆದೂಗಿದವು.

"ಭೇಷ್, ಸೊಗಸಾದ ವಾದನ," ಎಂದ ಹೊನ್ನಯ್ಯ.

"ಏನಯ್ಯಾ, ನಾನಿನ್ನೂ ತಂತಿಯನ್ನೇ ಮುಟ್ಟಿಲ್ಲ."

"ಸಾಕಮ್ಮನೂ ಇದನ್ನೇ ಅಂದಳು ಪ್ರಭು. ಮೊನ್ನೆ ಅವಳು ಒಲೆಯನ್ನೇ ಹಚ್ಚಿರಲಿಲ್ಲವಂತೆ."

ಭೋಗರಾಯ ಪೇಟಗಳ ಕಡೆ ನೋಡಿದ. ಅವನಿಗೆ ನಾಚಿಕೆಯಾಯಿತು. ವೀಣೆ ಕೆಳಗಿಟ್ಟು ನೇರ ಅಡುಗೆಮನೆಗೆ ನಡೆದ.

ಸಾಕಮ್ಮ ಗಂಟು ಕಂಕುಳಲ್ಲಿಟ್ಟು ಹೊಸ್ತಿಲಲ್ಲಿದ್ದಳು.

"ಸಾಕಮ್ಮ, ನಿನ್ನ ಅಡುಗೆ... ಬಹಳ ಸೊಗಸು."

"ಯಾವುದು ಬುದ್ಧಿ?"

"ಎಲ್ಲವೂ."

ಸಾಕಮ್ಮ ಹೊಸ್ತಿಲು ದಾಟಿದಳು. ಹಿಂದಿನಿಂದ ಹೊನ್ನಯ್ಯ ಕೆಮ್ಮಿದ. ರಾಜ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಸೋಮವಾರದ ಬಸ್ಸಾರು. ಮೂರು ಸಲ ಹಾಕಿಸಿಕೊಂಡೆ. ಆಮೇಲೆ ಯಾರೂ ನೋಡುತ್ತಿಲ್ಲ ಅಂತ ಎಲೆಯನ್ನು ಬೆರಳಿನಲ್ಲಿ ಬಳಿದು ನೆಕ್ಕಿದೆ."

ಸಾಕಮ್ಮನ ಕಣ್ಣು ತುಂಬಿತು. "ಅವತ್ತು ಹುರುಳಿ ಚೆನ್ನಾಗಿ ಬೆಂದಿತ್ತು," ಎಂದು ಗಂಟನ್ನು ಒಳಗಿಟ್ಟಳು. "ಕೂತ್ಕೊಳ್ಳಿ ಬುದ್ಧಿ, ಎಲೆ ಹಾಕ್ತೀನಿ."

ಹೊನ್ನಯ್ಯನಿಗೆ ಹೋದ ಜೀವ ಬಂದಂತಾಯಿತು. ರಾಜ ಪಕ್ಕಕ್ಕೆ ಸರಿದು ಅವನಿಗೂ ಜಾಗ ಬಿಟ್ಟ.

"ಅಲ್ಲವೋ ಹೊನ್ನಯ್ಯ, ಇನ್ನು ಬೆನ್ನು ತಟ್ಟಲು ನಾನೇ ಹೋಗುತ್ತೇನೆ. ಅಷ್ಟು ಆಸೆಯಿಂದ ಮಾಡಿಸಿದ ಆ ಗಂಧದ ಕೈಯನ್ನು ಏನು ಮಾಡಲಿ?"

"ತಮ್ಮ ಹಾಸಿಗೆಯ ಪಕ್ಕದಲ್ಲೇ ಇರಲಿ ಪ್ರಭು. ಬೆನ್ನು ತುರಿಸಿದಾಗ ಕೆರೆದುಕೊಳ್ಳಬಹುದು. ಆ ಕೆಲಸಕ್ಕೆ ಮನಸ್ಸು ಬೇಕಾಗಿಲ್ಲ."

ಭೋಗರಾಯ ಬಿದ್ದು ಬಿದ್ದು ನಕ್ಕ. ನಗುತ್ತಲೇ ತನ್ನ ಸ್ವಂತ ಕೈಯಿಂದ ಹೊನ್ನಯ್ಯನ ಬೆನ್ನಿಗೆ ಒಂದು ಬಾರಿಸಿದ. ಪಾಪ, ಬಾಯಲ್ಲಿದ್ದ ತುತ್ತು ನೆತ್ತಿಗೇರಿತು.