ಬಾವಿಗಿಳಿದ ದೀಪ

“ಬುದ್ಧಿ, ಒಮ್ಮೆ ಬಂದ ದಿಗಿಲು ಇನ್ನೊಮ್ಮೆ ಬರದ ಹಾಗೆ ಮಾಡಲು ಏನಾದರೂ ದಾರಿ ಇದೆಯೇ?”

ಕೇಳಿದವನು ಚನ್ನವೀರ, ಮಠದ ಶಿಷ್ಯ. ಕೆಲವು ದಿನಗಳ ಹಿಂದೆ ಸಭೆಯ ಮುಂದೆ ಪ್ರಾರ್ಥನೆ ಹೇಳಲು ನಿಂತಾಗ ಇದ್ದಕ್ಕಿದ್ದಂತೆ ಅವನ ಎದೆ ಹೊಡೆದುಕೊಂಡಿತ್ತು. ಉಸಿರು ಸಿಕ್ಕದೆ, ಈಗಲೇ ಸತ್ತೆ ಅನ್ನಿಸಿ ಹೊರಗೆ ಓಡಿದ್ದ. ವೈದ್ಯರು ನೋಡಿ ಎದೆಗೆ ಏನೂ ಆಗಿಲ್ಲ ಎಂದಿದ್ದರು. ಅಂದಿನಿಂದ ಅವನು ಊಟದ ಪಂಕ್ತಿಯಲ್ಲೂ ಬಾಗಿಲ ಪಕ್ಕದ ಜಾಗ ಹುಡುಕಿಕೊಂಡು ಕೂರುತ್ತಿದ್ದ. ನಾಳೆ ಪ್ರಾರ್ಥನೆಯ ಸರದಿ ಮತ್ತೆ ಅವನದು. ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುಗಳ ಮುಂದೆ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು. “ಊರಿಗೋ?”

“ಹೌದು ಬುದ್ಧಿ. ಅದು ಮತ್ತೆ ಬರುವುದಿಲ್ಲ ಎಂದು ತಾವು ಮಾತು ಕೊಟ್ಟರೆ ಉಳಿಯುತ್ತೇನೆ.”

“ಭಲೆ! ನನ್ನ ಎದೆಯೇ ನನ್ನ ಮಾತು ಕೇಳುವುದಿಲ್ಲ, ನಿನ್ನ ಎದೆಗೆ ನಾನು ಜಾಮೀನು ನಿಲ್ಲಬೇಕೇ? ನೋಡು, ಮಾತಾಡಲೂ ಆಗದಷ್ಟು ಬಾಯಿ ಒಣಗಿದೆ ನಿನಗೆ. ಮೊದಲು ಆ ನೀರು ಕುಡಿ.”

ಚನ್ನವೀರ ಚೊಂಬಿನ ನೀರನ್ನು ಗಟಗಟ ಕುಡಿದ. ಗುರುಗಳು ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಅವನು ಕೆಳಗೆ ಅಗೆಯುತ್ತಿದ್ದ. ಹೆಂಡತಿ ಮೇಲೆ ನಿಂತು ರಾಟೆ ತಿರುಗಿಸಿ ಮಣ್ಣಿನ ಬುಟ್ಟಿ ಎಳೆಯುತ್ತಿದ್ದಳು. ಅವನು ಹಗ್ಗ ಜಗ್ಗಿದರೆ ಅವನನ್ನೂ ಎಳೆಯುತ್ತಿದ್ದಳು. ಗಟ್ಟಿಗಿತ್ತಿ ಹೆಂಗಸು.

ಆಳದ ಬಾವಿಯಲ್ಲಿ ಕೆಟ್ಟ ಗಾಳಿ ನಿಂತಿರುವುದುಂಟು. ಆದ್ದರಿಂದ ಅವರಲ್ಲಿ ಒಂದು ಕಟ್ಟಳೆ. ಮನುಷ್ಯ ಇಳಿಯುವ ಮುಂಚೆ ಬುಟ್ಟಿಯಲ್ಲಿ ದೀಪ ಇಳಿಯಬೇಕು. ದೀಪ ಆರಿಹೋದರೆ ಯಾರೂ ಇಳಿಯುವಂತಿಲ್ಲ. ಬೇವಿನ ಸೊಪ್ಪಿನ ಕಟ್ಟನ್ನು ಇಳಿಬಿಟ್ಟು, ಮೇಲೆ ಕೆಳಗೆ ಆಡಿಸಿ, ಗಾಳಿ ಕದಡಿ, ಮತ್ತೆ ದೀಪ ಬಿಟ್ಟು ನೋಡಬೇಕು. ದೀಪ ಉರಿದರೆ ಇಳಿಯಬಹುದು. ಇಳಿದ ಮೇಲೂ ಅದು ಅವನ ಪಕ್ಕದಲ್ಲೇ ಉರಿಯುತ್ತಿರಬೇಕು.

ಒಂದು ಊರಿನವರು ಕುಡಿಯುವ ನೀರಿಗೆಂದು ಅವನನ್ನು ಕರೆಸಿದರು. ಅರ್ಧ ಆಳ ತೋಡಿದ್ದಾಗ ಒಂದು ದಿನ ಅವನಿಗೆ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿತು. ಸುತ್ತಲಿನ ಮಣ್ಣು ಮೈಮೇಲೆ ಬಂದಂತಾಯಿತು. ಹಗ್ಗ ಜಗ್ಗಿ ಕಿರುಚಿದ. ಹೆಂಡತಿ ಎಳೆದಳು. ಮೇಲೆ ಬಂದು ಕೂತ ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಸರಿಹೋಯಿತು ನೋಡು, ಅಲ್ಲೇ ಎಡವಟ್ಟಾದದ್ದು! ಮೇಲೆ ಬಂದದ್ದಕ್ಕೇ ಬದುಕಿದೆ ಎಂದು ಅವನು ನಂಬಿಬಿಟ್ಟ.

ಅಂದಿನಿಂದ ಅವನಿಗೆ ಬಾವಿಯ ಹೆದರಿಕೆ ಅಲ್ಲ, ಆ ದಿಗಿಲು ಮತ್ತೆ ಬಂದೀತೆಂಬ ಹೆದರಿಕೆ. ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಅಗೆದ. ಒಂಟಿ ಕೈಯಲ್ಲಿ ಅಗೆಯುವುದಾದರೂ ಏನು, ನೆಲ ಕೆರೆದ ಅನ್ನು. ಎದೆ ಸ್ವಲ್ಪ ಜೋರಾಗಿ ಬಡಿದುಕೊಂಡರೆ ಸಾಕು, “ಬಂತು, ಬಂತು” ಎಂದು ಹಗ್ಗ ಜಗ್ಗುತ್ತಿದ್ದ. ಗುದ್ದಲಿ ಹಿಡಿದು ಅಗೆಯುವವನ ಎದೆ ಬಡಿದುಕೊಳ್ಳದೆ ಇನ್ನೇನು ಮಾಡೀತು? ಪಾಪ, ಅವನಿಗೆ ಅದೂ ಮರೆತುಹೋಗಿತ್ತು. ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ಇದು ಮುಗಿಯುವ ಬಾವಿಯಲ್ಲ, ಬೇರೆಯವರನ್ನು ಕರೆಸೋಣ ಎಂದು ಊರಿನವರು ಗೊಣಗಿದರು. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಅದು ಕೈಬಿಟ್ಟರೆ ತಾನು ಯಾತಕ್ಕೂ ಬಾರದವನು ಎಂದು ಒಳಗೊಳಗೇ ಅತ್ತ.

ಒಂದು ಬೆಳಿಗ್ಗೆ ಅವನು ಇಳಿಯಲೇ ಇಲ್ಲ. ಬಾವಿಯ ಅಂಚಿನಲ್ಲಿ ಕೂತು, “ಅದು ಮತ್ತೆ ಬಂದರೆ?” ಎಂದ.

ಹೆಂಡತಿ ಬಗ್ಗಿ ನೋಡಿದಳು. ಆಗಲೇ ಇಳಿಬಿಟ್ಟಿದ್ದ ದೀಪ ತಳದಲ್ಲಿ ಉರಿಯುತ್ತಿತ್ತು. “ಅಲ್ಲ, ನೀವು ಸತ್ತೆ ಸತ್ತೆ ಅಂತ ಇಷ್ಟು ಸಲ ಮೇಲೆ ಬಂದಿರಲ್ಲ, ಒಂದು ಸಲವಾದರೂ ದೀಪ ಆರಿತ್ತಾ?”

ಅವನು ಯೋಚಿಸಿದ. ಒಂದು ಸಲವೂ ಆರಿರಲಿಲ್ಲ. ತಾನೂ ಬಗ್ಗಿ ದೀಪವನ್ನು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಎದ್ದು ನಿಂತ.

“ಇವತ್ತು ನನ್ನ ಮಾತು ಕೇಳಬೇಡ, ದೀಪ ನೋಡು,” ಎಂದ. “ಅದು ಆರಿದರೆ ನಾನು ಬೇಡ ಅಂದರೂ ಎಳೆ. ಅದು ಉರಿಯುತ್ತಿದ್ದರೆ ನಾನು ಎಷ್ಟು ಬಾಯಿ ಬಡಿದುಕೊಂಡರೂ ಎಳೆಯಬೇಡ.”

ಅವಳ ಕಣ್ಣು ತುಂಬಿತು. ಆದರೂ ಹೂಂ ಎಂದಳು.

ಇಳಿದು ಗುದ್ದಲಿ ಎತ್ತಿದ. ಆ ದಿಗಿಲು ಬಂತು. ಬಾಯಿ ಒಣಗಿತು, ಬೆವರು ಸುರಿಯಿತು. “ಎಳೆಯೇ, ಎಳೆ!” ಎಂದು ಹಗ್ಗ ಜಗ್ಗಿ ಕೂಗಿಕೊಂಡ. ಅವಳು ಮೇಲೆ ರಾಟೆ ಹಿಡಿದು ಅಳುತ್ತ ನಿಂತಿದ್ದಳು, ಕಣ್ಣು ಮಾತ್ರ ದೀಪವನ್ನು ಬಿಟ್ಟು ಕದಲಲಿಲ್ಲ. ದೀಪ ಉರಿಯುತ್ತಿತ್ತು. ಅವಳು ಎಳೆಯಲಿಲ್ಲ. ಅವನು ಅವಳನ್ನು ಬೈದ. ಅವಳ ತವರಿನವರನ್ನೆಲ್ಲ ಹೆಸರು ಹಿಡಿದು ಬೈದ. ಇಷ್ಟುದ್ದ ಬೈಯಲು ಉಸಿರು ಎಲ್ಲಿಂದ ಬಂತು ಎಂದು ಆಮೇಲೆ ಅವನಿಗೇ ಹೊಳೆಯಿತು.

ಹಗ್ಗ ಬಿಟ್ಟು ದೀಪದ ಪಕ್ಕ ಕುಕ್ಕರಿಸಿದ. “ಬಾ ಮಾರಾಯ, ಎಷ್ಟು ಹೊತ್ತು ಇರುತ್ತೀಯೋ ಇರು. ನಾನಂತೂ ಏಳುವುದಿಲ್ಲ,” ಎಂದು ಆ ದಿಗಿಲಿಗೇ ಹೇಳಿದ. ಅದು ಇತ್ತು. ಇನ್ನೂ ಜೋರಾಯಿತು. ಅವನು ಹಲ್ಲು ಕಚ್ಚಿ ಕೂತೇ ಇದ್ದ. ಕೊನೆಗೆ ಅದಕ್ಕೇ ಬೇಸರ ಬಂತೋ ಏನೋ, ಮೆಲ್ಲಗೆ ಇಳಿಯುತ್ತ ಹೋಯಿತು. ಅವನು ಬಾವಿಯ ತಳದಲ್ಲೇ ಇದ್ದ, ಬದುಕಿಯೇ ಇದ್ದ. ಎದ್ದು ಎರಡೂ ಕೈಯಲ್ಲಿ ಗುದ್ದಲಿ ಹಿಡಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚನ್ನವೀರ ಗಂಟಿನ ಮೇಲಿಂದ ಕೈ ತೆಗೆದಿದ್ದ. ಆದರೂ ಕೇಳದೆ ಇರಲಾಗಲಿಲ್ಲ.

“ಬುದ್ಧಿ, ಆಮೇಲೆ ಅವನಿಗೆ ಅದು ಮತ್ತೆ ಬರಲಿಲ್ಲ ತಾನೇ?”

“ಬಂತಪ್ಪ, ಬಾವಿ ಮುಗಿಯುವವರೆಗೂ ಬರುತ್ತಲೇ ಇತ್ತು, ನೀನು ಈಗ ಕುಡಿದದ್ದು ಆ ಬಾವಿಯ ನೀರು.”